ಊರಿನ ಮೊದಲ ಪತ್ರಿಕೆ: ಹಾಸ್ಯ ಫ್ಯಾಂಟಸಿ ಕಾದಂಬರಿ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಒಂದು ಕಲ್ಪಿತ ನಗರ. ಅಲ್ಲಿ ಹಿಂದೆಂದೂ ಇಲ್ಲದ ಪತ್ರಿಕೆ. ಅದನ್ನು ಹೊರತರಲು ಒದ್ದಾಡುವ ನಾಲ್ಕೈದು ಜನ. ಈ ವಸ್ತುವಿನ ಮೇಲೆ ಕಾದಂಬರಿ ಬರೆಯಲು ಹೊರಟವರು ಹೆಚ್ಚಾಗಿ ಎಡವುವುದು ಒಂದೇ ಕಡೆ: ಸಂಜೆ ನಾಯಕನ ತಲೆಗೆ ಯೋಚನೆ ಬರುತ್ತದೆ, ಬೆಳಗ್ಗೆ ಊರವರ ಕೈಯಲ್ಲಿ ಪತ್ರಿಕೆ ಇರುತ್ತದೆ. ನಡುವೆ ಆಗಬೇಕಾದ ಹನ್ನೊಂದು ಗಂಟೆಯ ದುಡಿಮೆ ಪುಟದಿಂದ ಮಾಯವಾಗಿರುತ್ತದೆ. ಈ ಕಥೆಯ ನಗು, ಭಯ, ತಿರುವು ಎಲ್ಲ ಇರುವುದು ಆ ಹನ್ನೊಂದು ಗಂಟೆಯಲ್ಲೇ. ಅದಕ್ಕಾಗಿ ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಅಚ್ಚುಕೂಟದ ಒಳಗೇ ಇದೆ. ಉದಾಹರಣೆಗೆ ನಮ್ಮ ನಗರಕ್ಕೆ ಹೊಗೆಪೇಟೆ ಎಂದು ಹೆಸರಿಟ್ಟುಕೊಳ್ಳೋಣ. ಜನಸಂಖ್ಯೆ 20,000.

ಹಂತ 1: ಪತ್ರಿಕೆಗೆ ಮೊದಲು ಸುದ್ದಿ ಯಾರ ಕೈಯಲ್ಲಿತ್ತು?

ಪತ್ರಿಕೆ ಇಲ್ಲದ ಊರಿನಲ್ಲೂ ಸುದ್ದಿ ಇರುತ್ತದೆ, ಅದರಿಂದ ಬದುಕುವವರೂ ಇರುತ್ತಾರೆ. ಮೊದಲ ಅಧ್ಯಾಯಕ್ಕೆ ಕೈಹಾಕುವ ಮುನ್ನ ಇವರ ಪಟ್ಟಿ ಮಾಡಿ. ಡಂಗುರ ಸಾರುವವರು, ಅರಳಿಕಟ್ಟೆಯ ಹಿರಿಯರು, ಸಂತೆಯಿಂದ ಸಂತೆಗೆ ತಿರುಗುವ ಬಳೆಗಾರರು, ಮನೆಮನೆಗೆ ಬರುವ ಕ್ಷೌರಿಕ, ದೊಡ್ಡವರಿಗೆ ಪತ್ರ ಬರೆದುಕೊಡುವ ಲಿಪಿಕಾರ. ಇವರಲ್ಲಿ ಯಾರಿಗೆ ಪತ್ರಿಕೆಯಿಂದ ಹೊಟ್ಟೆಪಾಡು ಹೋಗುತ್ತದೆ, ಯಾರಿಗೆ ಗೌರವ ಮಾತ್ರ ಹೋಗುತ್ತದೆ, ಯಾರಿಗೆ ಲಾಭ? ಪ್ರತಿಯೊಬ್ಬರ ಎದುರಿಗೂ ಒಂದು ಸಾಲು ಬರೆದುಕೊಳ್ಳಿ. ನಿಮ್ಮ ಪೋಷಕ ಪಾತ್ರಗಳು ಬಹುತೇಕ ಇಲ್ಲಿಂದಲೇ ಸಿಗುತ್ತಾರೆ.

ಲಿಪಿಕಾರನ ಕಡೆ ವಿಶೇಷ ಗಮನ ಕೊಡಿ. ಇತಿಹಾಸದಲ್ಲಿ ಮುದ್ರಿತ ಪತ್ರಿಕೆ ಹುಟ್ಟಿದ್ದು ಆತನ ಮೇಜಿನಿಂದ. ಸ್ಟ್ರಾಸ್‌ಬರ್ಗ್‌ನ ಯೊಹಾನ್ ಕಾರೊಲಸ್ ಹಣವಂತ ಗಿರಾಕಿಗಳಿಗೆ ವಾರವಾರ ಸುದ್ದಿಯನ್ನು ಕೈಯಲ್ಲಿ ನಕಲು ಮಾಡಿಸಿ ಮಾರುತ್ತಿದ್ದ. ನಕಲಿಗೆ ಹಿಡಿಯುವ ಹೊತ್ತು ಕಂಡು ಬೇಸತ್ತು ಅದನ್ನೇ ಮುದ್ರಿಸತೊಡಗಿದ. 1605ರಲ್ಲಿ ಬೇರೆಯವರು ತನ್ನ ಸುದ್ದಿಯನ್ನು ಮರುಮುದ್ರಿಸದಂತೆ ತಡೆಯಿರೆಂದು ನಗರಸಭೆಗೆ ಅರ್ಜಿ ಹಾಕಿದ. ಸಭೆ ಒಪ್ಪಲಿಲ್ಲ. ಪತ್ರಿಕೆ ಹುಟ್ಟಿದ ಬೆನ್ನಿಗೇ ಸುದ್ದಿ ಕದಿಯುವವನ ಭಯವೂ ಹುಟ್ಟಿತ್ತು ಎನ್ನುವುದು ಕಾದಂಬರಿಕಾರರಿಗೆ ದೊಡ್ಡ ಕೊಡುಗೆ. ನಿಮ್ಮ ಎದುರಾಳಿ ಪತ್ರಿಕೆ ಎರಡನೇ ಭಾಗದವರೆಗೆ ಕಾಯಬೇಕಾಗಿಲ್ಲ, ಮೂರನೇ ಸಂಚಿಕೆಯ ಹೊತ್ತಿಗೇ ಬರಬಹುದು.

ಹಂತ 2: ಮೊಳೆಯೋ, ಕಲ್ಲೋ?

ಹೊಗೆಪೇಟೆಯ ಮುದ್ರಣ ಲೋಹದ ಬಿಡಿ ಅಕ್ಷರಗಳಾದ ಅಚ್ಚುಮೊಳೆಯದೋ, ಕಲ್ಲಿನ ಮೇಲೆ ಮೂಡಿಸಿದ ಬರಹದಿಂದ ಅಚ್ಚು ತೆಗೆಯುವ ಕಲ್ಲಚ್ಚಿನದೋ ಎಂದು ಈಗಲೇ ತೀರ್ಮಾನಿಸಿ, ಏಕೆಂದರೆ ಪ್ರತಿಯೊಂದರ ತಪ್ಪುಗಳೂ ಬೇರೆ ಬೇರೆ.

ಕಲ್ಲಚ್ಚು ಆದರೆ ಪುಟವನ್ನು ಕೈಯಲ್ಲೇ ಬರೆಯಬೇಕು. ಲಿಪಿಕಾರರ ಕೆಲಸ ಉಳಿಯುತ್ತದೆ, ಯಾವ ಲಿಪಿಯಾದರೂ ನಡೆಯುತ್ತದೆ, ಚಿತ್ರವೂ ಸುಲಭ. ಆದರೆ ಕಲ್ಲಿನ ಮೇಲೆ ಮೂಡಿದ ಮೇಲೆ ನಡುವಿನ ಒಂದು ವಾಕ್ಯ ತೆಗೆದು ಬೇರೆ ಉದ್ದದ ವಾಕ್ಯ ಹಾಕುವುದು ಕಷ್ಟ. ಕನ್ನಡದ ಮೊದಲ ಪತ್ರಿಕೆಯೇ ಈ ದಾರಿಯಲ್ಲಿ ಬಂತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಹದಿನೈದು ದಿನಕ್ಕೊಮ್ಮೆ ಬಾಸೆಲ್ ಮಿಶನ್ ಮುದ್ರಣಾಲಯದ ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಅಲ್ಲಿ ಕನ್ನಡ ಅಚ್ಚುಮೊಳೆಗಳಿದ್ದವು.

ಅಚ್ಚುಮೊಳೆ ಆದರೆ ಅಕ್ಷರ ಒಂದೊಂದಾಗಿ ಜೋಡಿಸಬೇಕು. ಸೀಸ, ಆಂಟಿಮನಿ, ತವರ ಬೆರೆಸಿ ಎರೆದ ಮೊಳೆಗಳು, ಅವುಗಳನ್ನಿಡುವ ನೂರಾರು ಮನೆಗಳ ಕೇಸು, ಸಾಲು ಜೋಡಿಸಲು ಕೈಯಲ್ಲಿ ಹಿಡಿಯುವ ಕಂಪೋಸಿಂಗ್ ಸ್ಟಿಕ್ಕು, ಜೋಡಿಸಿದ ಸಾಲುಗಳನ್ನಿಡುವ ಗ್ಯಾಲಿ ಎಂಬ ತಟ್ಟೆ, ಪುಟವನ್ನು ಬಿಗಿಯುವ ಚೇಸು ಎಂಬ ಚೌಕಟ್ಟು. ದಿನಪತ್ರಿಕೆಯ ಹಾಸ್ಯಕ್ಕೆ ನಾವು ಆರಿಸುವುದು ಇದನ್ನೇ. ಪುಟವನ್ನು ಕೊನೆಯ ಗಳಿಗೆಯಲ್ಲಿ ಬಿಚ್ಚಿ ಬದಲಾಯಿಸಬಹುದು, ಅಕ್ಷರ ಮುಗಿದುಹೋಗಬಹುದು, ಇಡೀ ಪುಟ ಕೈಜಾರಿ ಬೀಳಬಹುದು.

ನಿಮ್ಮ ನಗರದ ಲಿಪಿ ಕನ್ನಡದ ಹಾಗೆ ಗುಣಿತ, ಒತ್ತಕ್ಷರ ಇರುವಂಥದ್ದಾದರೆ ಇನ್ನೂ ಒಳ್ಳೆಯದು. 'ಲಕ್ಷ್ಮಿ' ಎಂಬ ಹೆಸರನ್ನು ಜೋಡಿಸಲು ಬೇಕಾದ ಕ್ಷಿ, ಮ-ಒತ್ತು ಕೇಸಿನಲ್ಲಿ ಆರೇ ಆರು ಜೊತೆ ಇವೆ ಎಂದುಕೊಳ್ಳಿ. ನಗರಶ್ರೇಷ್ಠಿಯ ಹೆಂಡತಿ, ಆಕೆಯ ಆನೆ, ಅವರ ಹಡಗು ಮೂರಕ್ಕೂ ಅದೇ ಹೆಸರು. ಹಡಗು ಮುಳುಗಿದ ದಿನ ಏಳನೇ ಸಲ ಆ ಹೆಸರು ಬಂದಾಗ ಸಂಪಾದಕ 'ಸದರಿ ಗೃಹಿಣಿ' ಎಂದು ತಿದ್ದುತ್ತಾನೆ. ಮರುದಿನ ಊರಿಗೆ ಊರೇ ಮುಳುಗಿದ್ದು ಯಾರು ಎಂದು ತಲೆಕೆಡಿಸಿಕೊಳ್ಳುತ್ತದೆ. ಈ ಪ್ರಸಂಗಕ್ಕೆ ಮಂತ್ರವೂ ಬೇಡ, ಪೆದ್ದ ಪಾತ್ರವೂ ಬೇಡ. ಮೊಳೆಯ ಕೊರತೆ ಸಾಕು.

ಹಂತ 3: ಒಂದು ರಾತ್ರಿಯ ಲೆಕ್ಕ

ಇಲ್ಲಿಂದ ಮುಂದೆ ಪೆನ್ಸಿಲ್ ಹಿಡಿದು ಕೂರಿ. ಹೊಗೆಪೇಟೆಯ ಪತ್ರಿಕೆ ಒಂದೇ ಹಾಳೆ, ಎರಡು ಪುಟ, 500 ಪ್ರತಿ. ಪುಟದಲ್ಲಿ ಅಚ್ಚಿನ ಭಾಗ 8 ಅಂಗುಲ ಅಗಲ, 12 ಅಂಗುಲ ಎತ್ತರ. ಶೀರ್ಷಿಕೆ, ಖಾಲಿ ಜಾಗ ಬಿಟ್ಟರೆ ಪುಟಕ್ಕೆ ಸುಮಾರು 5,000 ಮೊಳೆ.

ನುರಿತ ಕಂಪೋಸಿಟರ್ ಗಂಟೆಗೆ ಸಾವಿರ, ಹೆಚ್ಚೆಂದರೆ ಒಂದೂವರೆ ಸಾವಿರ ಮೊಳೆ ಜೋಡಿಸುತ್ತಾನೆ. ಸಾವಿರವನ್ನೇ ಹಿಡಿಯಿರಿ. ಮರದ ಕೈಪ್ರೆಸ್ಸಿಗೆ ಇಬ್ಬರು ಬೇಕು: ಒಬ್ಬ ಮಸಿ ಬಡಿಯಲು, ಇನ್ನೊಬ್ಬ ಹಿಡಿ ಎಳೆಯಲು. ಇಬ್ಬರೂ ಪಳಗಿದವರಾದರೆ ಗಂಟೆಗೆ 250 ಹಾಳೆ, ಅದೂ ಒಂದು ಬದಿ ಮಾತ್ರ. ನಡುರಾತ್ರಿ ದಾಟಿದ ಮೇಲೆ 200 ಎಂದುಕೊಳ್ಳುವುದು ಕ್ಷೇಮ. ಈಗ ಗಡಿಯಾರ:

- ಸಂಜೆ 6ರಿಂದ 8: ಎರಡನೇ ಪುಟದ ಮುದ್ರಣ. ಜಾಹೀರಾತು, ಧಾರಣೆ, ಹಳೆಯ ಸುದ್ದಿ ಇರುವ ಈ ಪುಟ ಹಗಲಲ್ಲೇ ಜೋಡಣೆಯಾಗಿರಬೇಕು.
- ರಾತ್ರಿ 8ರಿಂದ 11: ಮೊದಲ ಪುಟದ 3,000 ಮೊಳೆ. ಸುದ್ದಿ ಬಂದಂತೆ ಜೋಡಣೆ.
- 11: ಕೊನೆಯ ಸುದ್ದಿ ಒಳಗೆ ಬರುವ ಹೊತ್ತು.
- 11ರಿಂದ 12: ಉಳಿದ 2,000 ಮೊಳೆ, ಇಬ್ಬರು ಸೇರಿ.
- 12ರಿಂದ 1: ಕರಡಚ್ಚು ತೆಗೆಯುವುದು, ಓದುವುದು, ತಿದ್ದುವುದು.
- 1ರಿಂದ 1.30: ಚೇಸಿನಲ್ಲಿ ಬಿಗಿದು ಪ್ರೆಸ್ಸಿಗೆ ಏರಿಸುವುದು, ಒತ್ತಡ ಸರಿಮಾಡುವುದು.
- 1.30ರಿಂದ 4: 500 ಪ್ರತಿ.
- 4ರಿಂದ 5: ಹಗ್ಗಕ್ಕೆ ಹಾಕಿ ಆರಿಸುವುದು, ಮಡಿಸುವುದು, ಮಾರುವ ಹುಡುಗರಿಗೆ ಎಣಿಸಿ ಕೊಡುವುದು.

ಈ ಪಟ್ಟಿಯನ್ನು ಗೋಡೆಗೆ ಅಂಟಿಸಿ. ಕಾದಂಬರಿಯ ಮುಖ್ಯ ಘಟನೆ ಯಾವ ಗಂಟೆಯಲ್ಲಿ ನಡೆಯುತ್ತದೆ ಎನ್ನುವುದರ ಮೇಲೆ ಅದರ ಪರಿಣಾಮ ನಿಂತಿದೆ. ರಾತ್ರಿ 10ಕ್ಕೆ ಕೊಲೆಯಾದರೆ ಅದು ಸುದ್ದಿ. ಬೆಳಗಿನ 4.30ಕ್ಕೆ ಆದರೆ ನಾಳಿದ್ದು ಬರುವ ಹಳೆಯ ಮಾತು. 2 ಗಂಟೆಗೆ ಆದರೆ ಕಾದಂಬರಿ.

ಏಕೆಂದರೆ 2 ಗಂಟೆಗೆ 100 ಪ್ರತಿ ಆಗಿಹೋಗಿರುತ್ತವೆ. ಪ್ರೆಸ್ ನಿಲ್ಲಿಸಬೇಕು, ಚೇಸು ಬಿಚ್ಚಬೇಕು, ಮೊದಲ ಪುಟದಲ್ಲಿದ್ದ ಹಲ್ಲುಪುಡಿಯ ಆರು ಸಾಲಿನ ಜಾಹೀರಾತು ತೆಗೆದು ಅಷ್ಟೇ ಜಾಗದಲ್ಲಿ ಸುದ್ದಿ ಕೂರಿಸಬೇಕು. ಆರು ಸಾಲಿಗೆ ಸುಮಾರು 200 ಮೊಳೆ, ಹನ್ನೆರಡರಿಂದ ಹದಿನೈದು ನಿಮಿಷ. ಬಿಚ್ಚುವುದು, ಓದಿ ನೋಡುವುದು, ಮತ್ತೆ ಬಿಗಿಯುವುದು ಸೇರಿ ಒಟ್ಟು 40 ನಿಮಿಷ. ಹಾಗಾಗಿ ಅಂದು ಊರಿನಲ್ಲಿ ಎರಡು ಬಗೆಯ ಪತ್ರಿಕೆ: 100 ಮನೆಯಲ್ಲಿ ಹಲ್ಲುಪುಡಿ, 400 ಮನೆಯಲ್ಲಿ ಕೊಲೆ. ಮುದ್ರಣದ ನಡುವೆ ತಿದ್ದಿ, ಮೊದಲು ಅಚ್ಚಾದ ಹಾಳೆಗಳನ್ನೂ ಎಸೆಯದೆ ಬಳಸುವುದು ಕೈಪ್ರೆಸ್ ಕಾಲದ ಮಾಮೂಲಿ ಪದ್ಧತಿ. ಕಾಗದ ಅಷ್ಟು ದುಬಾರಿ. 17ನೇ ಶತಮಾನದ ಒಂದೇ ಪುಸ್ತಕದ ಎರಡು ಪ್ರತಿಗಳು ಸಾಲುಸಾಲಿಗೆ ಹೊಂದದಿರುವುದು ಇದರಿಂದಲೇ. ಇನ್ನು ಆ ಮೊದಲ 100ರಲ್ಲಿ ಒಂದು ಪ್ರತಿ ಕೊಲೆಗಾರನ ಮನೆಗೆ ಹೋಯಿತು ಎಂದಿಟ್ಟುಕೊಳ್ಳಿ. ತನ್ನ ಕೃತ್ಯ ಇನ್ನೂ ಯಾರಿಗೂ ಗೊತ್ತಿಲ್ಲ ಎಂದುಕೊಂಡು ಆತ ನಿಶ್ಚಿಂತೆಯಿಂದ ಪೇಟೆಗೆ ಬರುತ್ತಾನೆ.

ಹಂತ 4: ಕೈಕೊಡುವ ವಸ್ತುಗಳು

ಪಾತ್ರಗಳ ದಡ್ಡತನದಿಂದ ಹುಟ್ಟುವ ನಗು ಮೂರು ಅಧ್ಯಾಯ ಬಾಳುತ್ತದೆ. ವಸ್ತುಗಳ ಮೊಂಡುತನದಿಂದ ಹುಟ್ಟುವ ನಗು ಕೊನೆಯವರೆಗೂ ಬರುತ್ತದೆ. ಆದ್ದರಿಂದ ಇವುಗಳ ಸ್ವಭಾವ ತಿಳಿದಿರಲಿ.

ಕಾಗದ: ಚಿಂದಿಬಟ್ಟೆಯಿಂದ ಮಾಡಿದ ಕಾಗದವನ್ನು ಹಿಂದಿನ ದಿನವೇ ಒದ್ದೆ ಮಾಡಿ, ಮೇಲೆ ಭಾರ ಹೇರಿ ಇಡಬೇಕು. ಒಣಗಿದ ಹಾಳೆ ಮಸಿಯನ್ನು ಸರಿಯಾಗಿ ಹಿಡಿಯುವುದಿಲ್ಲ, ಎಷ್ಟು ಎಳೆದರೂ ಅಕ್ಷರ ಅರ್ಧಂಬರ್ಧ. ಹೆಚ್ಚು ಒದ್ದೆಯಾದರೆ ಅಕ್ಷರ ಕದಡುತ್ತದೆ. ಎರಡನೇ ಬದಿ ಅಚ್ಚಾಗುವವರೆಗೂ ತೇವ ಉಳಿಯಬೇಕು, ಇಲ್ಲವಾದರೆ ಹಾಳೆ ಕುಗ್ಗಿ ಎರಡು ಬದಿಯ ಸಾಲುಗಳು ಹೊಂದುವುದಿಲ್ಲ. ನಾಳೆ ಎಷ್ಟು ಪ್ರತಿ ಎಂದು ಇವತ್ತೇ ಹೇಳಬೇಕಾದ ಕಷ್ಟ ಇದರಿಂದ ಬರುತ್ತದೆ. ಮಹಾಸುದ್ದಿ ಬಂದ ರಾತ್ರಿ ಇನ್ನೂ 500 ಅಚ್ಚು ಹಾಕೋಣ ಎಂದರೆ ನೆನೆಸಿದ ಕಾಗದವೇ ಇರುವುದಿಲ್ಲ. ಮಳೆಗಾಲದಲ್ಲಿ ಅಚ್ಚಾದದ್ದು ಆರುವುದೂ ಇಲ್ಲ, ಓದಿದವರ ಬೆರಳೆಲ್ಲ ಕಪ್ಪು. ಬೆರಳು ಕಪ್ಪಾದವರನ್ನು ಹಿಡಿಯಿರಿ ಎಂದು ಅರಸ ಅಪ್ಪಣೆ ಮಾಡಿದರೆ ಒಂದು ಅಧ್ಯಾಯಕ್ಕೆ ಸಾಕಾಗುವಷ್ಟು ಸರಕು.

ಮಸಿ: ಅಗಸೆ ಎಣ್ಣೆಯನ್ನು ಅಂಟು ಬರುವವರೆಗೆ ಕುದಿಸಿ ದೀಪದ ಕಾಡಿಗೆ ಬೆರೆಸಬೇಕು. ಆ ಎಣ್ಣೆ ಹೊತ್ತಿಕೊಂಡರೆ ಆರಿಸುವುದು ಕಷ್ಟ, ಅದಕ್ಕೆ ಈ ಕೆಲಸ ಮನೆಗಳಿಂದ ದೂರ ನಡೆಯಬೇಕು. ಮಸಿ ಬಡಿಯುವ ಚರ್ಮದ ಉಂಡೆಗಳ ಒಳಗೆ ಉಣ್ಣೆ ತುಂಬಿರುತ್ತದೆ. ಚರ್ಮ ಮೆದುವಾಗಿರಲೆಂದು ರಾತ್ರಿ ಅದನ್ನು ಮೂತ್ರದಲ್ಲಿ ನೆನೆಹಾಕುತ್ತಿದ್ದರು. ಮಡಿವಂತ ಬಂಡವಾಳಗಾರ ಮೊದಲ ಸಲ ಅಚ್ಚುಕೂಟಕ್ಕೆ ಕಾಲಿಡುವ ದೃಶ್ಯಕ್ಕೆ ಈ ವಿವರ ತೆಗೆದಿಟ್ಟುಕೊಳ್ಳಿ.

ಪುಟ: ಒತ್ತಾಗಿ ಜೋಡಿಸಿದ ಮೊಳೆ ನಾಲ್ಕು ಚದರ ಅಂಗುಲಕ್ಕೆ ಒಂದು ಪೌಂಡ್ ತೂಗುತ್ತದೆ. ನಮ್ಮ ಪುಟ 96 ಚದರ ಅಂಗುಲ, ಅಂದರೆ ಸುಮಾರು 24 ಪೌಂಡ್, ಹತ್ತಿರಹತ್ತಿರ 11 ಕಿಲೋ ಲೋಹ. ಅದನ್ನು ಹಿಡಿದಿಟ್ಟಿರುವುದು ಬದಿಯ ಬಿಗಿತ ಮಾತ್ರ. ಬಿಗಿತ ಕಡಿಮೆಯಾದರೆ ಎತ್ತುವಾಗ ನಡುವಿನ ಅಕ್ಷರಗಳು ಉದುರುತ್ತವೆ, ಅತಿಯಾದರೆ ಪುಟ ಉಬ್ಬಿ ಮೊಳೆಗಳು ಸಿಡಿಯುತ್ತವೆ. 5,000 ಮೊಳೆ ನೆಲಕ್ಕೆ ಚೆಲ್ಲಿದರೆ ಆಯ್ದು ಕೇಸಿಗೆ ಹಾಕಿ ಮತ್ತೆ ಜೋಡಿಸುವಷ್ಟರಲ್ಲಿ ಬೆಳಕು ಹರಿದಿರುತ್ತದೆ.

ಅಚ್ಚು ಮುಗಿದರೂ ಕೆಲಸ ಮುಗಿಯಲಿಲ್ಲ. ಪುಟ ತೊಳೆದು, ಮೊಳೆಗಳನ್ನು ಬಿಚ್ಚಿ ಅದರದರ ಮನೆಗೆ ಹಾಕದ ಹೊರತು ನಾಳಿನ ಪತ್ರಿಕೆಗೆ ಅಕ್ಷರವಿಲ್ಲ. ನಿದ್ದೆಗಣ್ಣಿನ ಹುಡುಗ 'ಏ' ಮನೆಗೆ 'ಹೇ' ಹಾಕಿದರೆ ಮರುದಿನ 'ಮಹಾರಾಜರು ಆನೆ ಏರಿ ಪೇಟೆಗೆ ಬಂದರು' ಎಂಬುದು 'ಆನೆ ಹೇರಿ ಪೇಟೆಗೆ ಬಂದರು' ಆಗುತ್ತದೆ. ತಪ್ಪಚ್ಚನ್ನು ಬರೆಯುವಾಗ ಈ ನಿಯಮ ಬಿಡಬೇಡಿ: ಒಂದೇ ಮೊಳೆ ಬದಲಾಗಿರಬೇಕು, ತಪ್ಪಿಗೆ ಕಾರಣ ಇರಬೇಕು, ವಾಕ್ಯ ವ್ಯಾಕರಣಕ್ಕೆ ಸರಿಯಾಗಿರಬೇಕು. ಎರಡು ಮೂರು ಅಕ್ಷರ ತಿರುಚಿ ಮಾಡಿದ ತಪ್ಪಚ್ಚು ಲೇಖಕರ ಕೈವಾಡವೆಂದು ಓದುಗರಿಗೆ ತಕ್ಷಣ ತಿಳಿಯುತ್ತದೆ. ಇಡೀ ಕಾದಂಬರಿಗೆ ಇಂಥವು ನಾಲ್ಕೈದು ಸಾಕು, ಅದರಲ್ಲಿ ಒಂದಾದರೂ ಕಥೆಯ ದಿಕ್ಕು ಬದಲಿಸಲಿ. ಜನ ನಿಜಕ್ಕೂ ಅರಸನ ಬಲ ನೋಡಲು ಅರಮನೆಯ ಮುಂದೆ ಸೇರಲಿ, ಅರಸನಿಗೆ ಅದು ಇಷ್ಟವೂ ಆಗಲಿ.

ಹಂತ 5: ಮಂತ್ರಕ್ಕೆ ಮಿತಿ ಹಾಕಿ

'ಮಾಂತ್ರಿಕ ಒಂದು ಚಿಟಿಕೆ ಹೊಡೆದು 500 ಪ್ರತಿ ಮಾಡಬಹುದಲ್ಲ?' ಈ ಪ್ರಶ್ನೆಗೆ ಮೂರನೇ ಅಧ್ಯಾಯದ ಒಳಗೆ ಉತ್ತರ ಬೇಕು, ಉತ್ತರ ಒಂದೇ ವಾಕ್ಯದಲ್ಲಿ ಹೇಳುವಂತಿರಬೇಕು. ಮಂತ್ರದ ಪ್ರತಿ ಎರಡನೇ ಸೂರ್ಯೋದಯಕ್ಕೆ ಅಳಿಸಿಹೋಗುತ್ತದೆ ಎಂಬ ನಿಯಮ ತುಂಬ ಕೆಲಸಕ್ಕೆ ಬರುತ್ತದೆ. ಆಗ ಅಚ್ಚಾದ ಕಾಗದ ಅಳಿಯದ ಸಾಕ್ಷಿಯಾಗುತ್ತದೆ, ನ್ಯಾಯಾಲಯಕ್ಕೂ ಸಾಲಗಾರರಿಗೂ ಅದರ ಬೆಲೆ ಗೊತ್ತಾಗುತ್ತದೆ.

ನಮ್ಮ ನೆಲದ ನಂಬಿಕೆಗಳಿಂದ ನಿಯಮ ಕಟ್ಟಿದರೆ ಇನ್ನೂ ಗಟ್ಟಿ. ರಾಮಕೋಟಿ ಬರೆಯುವ ಪದ್ಧತಿ ಎಲ್ಲರಿಗೂ ಗೊತ್ತು. ದೇವರ ಹೆಸರು ಬರೆದಷ್ಟೂ ಪುಣ್ಯ ಎನ್ನುವುದು ಹೊಗೆಪೇಟೆಯಲ್ಲಿ ಅಕ್ಷರಶಃ ನಿಜವಾಗಿದ್ದು, ಪುಣ್ಯವನ್ನು ತಕ್ಕಡಿಯಲ್ಲಿ ತೂಗಿ ಮಾರುವ ಪೇಟೆಯೂ ಇದ್ದರೆ? ಪುಟದಲ್ಲಿ ನೂರು ಸಲ ಹೆಸರು ಜೋಡಿಸಿದರೆ ಎರಡು ಗಂಟೆಯಲ್ಲಿ 50,000 ನಾಮ. ಪುಣ್ಯದ ದರ ನೆಲಕಚ್ಚುತ್ತದೆ. ಮಠಾಧಿಪತಿಗೆ ಪತ್ರಿಕೆಯ ಮೇಲೆ ಬರುವ ಸಿಟ್ಟಿಗೆ ಆಗ ಸರಿಯಾದ ಲೆಕ್ಕವಿರುತ್ತದೆ. ಒಂದು ನಿಯಮ, ಅದರ ಎರಡು ಪರಿಣಾಮ. ಅದಕ್ಕಿಂತ ಹೆಚ್ಚು ಬೇಡ.

ಹಂತ 6: ದುಡ್ಡು

ಪ್ರತಿಗೆ ಒಂದು ಕಾಸು. ಮಾರುವ ಹುಡುಗರಿಗೆ ಕಾಲುಭಾಗ ಬಿಟ್ಟರೆ 500 ಪ್ರತಿಗೆ 375 ಕಾಸು. ಕಾಗದಕ್ಕೆ 150, ಇಬ್ಬರು ಕಂಪೋಸಿಟರ್, ಇಬ್ಬರು ಪ್ರೆಸ್ಸಿನವರು, ಒಬ್ಬ ಕರಡು ತಿದ್ದುವವ ಸೇರಿ 200, ಮಸಿ ಮತ್ತು ದೀಪದೆಣ್ಣೆಗೆ 25. ಉಳಿದದ್ದು ಸೊನ್ನೆ. ಸಂಪಾದಕರ ಊಟಕ್ಕೆ ಜಾಹೀರಾತೇ ಗತಿ. ಹಂತ 3ರಲ್ಲಿ ತೆಗೆದುಹಾಕಿದ ಹಲ್ಲುಪುಡಿಯ ಆರು ಸಾಲು ಅವರ ಮರುದಿನದ ಊಟವಾಗಿತ್ತು ಎನ್ನುವುದು ಓದುಗರಿಗೆ ಆ ಕ್ಷಣದಲ್ಲಿ ಗೊತ್ತಿರಬೇಕು. ಹಾಗಾಗಿ ಈ ಲೆಕ್ಕ ಮೊದಲ ಕಾಲುಭಾಗದಲ್ಲೇ ಯಾರದಾದರೂ ಬಾಯಲ್ಲಿ ಬರಲಿ. ಜಾಹೀರಾತನ್ನು ಕೀಳಾಗಿಯೂ ಚಿತ್ರಿಸಬೇಡಿ. 'ದಿ ಹಿಂದೂ' 1958ರವರೆಗೆ, ಲಂಡನ್ನಿನ 'ದಿ ಟೈಮ್ಸ್' 1966ರವರೆಗೆ ಮುಖಪುಟವನ್ನು ಜಾಹೀರಾತಿಗೇ ಬಿಟ್ಟುಕೊಟ್ಟಿದ್ದವು.

ಹಂತ 7: ಅಧಿಕಾರ ಹೇಗೆ ತಡೆಯುತ್ತದೆ?

ಖಳನಾಯಕ ಅಚ್ಚುಕೂಟಕ್ಕೆ ಬೆಂಕಿ ಹಚ್ಚುವುದು ತೀರಾ ಸುಲಭದ ದಾರಿ. ನಿಜವಾದ ಅಧಿಕಾರ ಕಡತದಲ್ಲಿ ಕೆಲಸ ಮಾಡುತ್ತದೆ. ಬೆಂಜಮಿನ್ ಹ್ಯಾರಿಸ್ 1690ರ ಸೆಪ್ಟೆಂಬರ್ 25ರಂದು ಬಾಸ್ಟನ್ನಿನಲ್ಲಿ ನಾಲ್ಕು ಪುಟದ ಪತ್ರಿಕೆ ತಂದ. ಓದಿದವರು ತಮಗೆ ಗೊತ್ತಿದ್ದನ್ನು ಬರೆದು ಮುಂದಿನವರಿಗೆ ದಾಟಿಸಲೆಂದು ನಾಲ್ಕನೇ ಪುಟ ಖಾಲಿ ಬಿಟ್ಟಿದ್ದ. ಅನುಮತಿ ಪಡೆದಿಲ್ಲ ಎಂದು ಆಡಳಿತ ಅದನ್ನು ನಿಷೇಧಿಸಿತು, ಎರಡನೇ ಸಂಚಿಕೆ ಬರಲೇ ಇಲ್ಲ. ಆ ಖಾಲಿ ಪುಟದ ಉಪಾಯ ಹೊಗೆಪೇಟೆಗೆ ತನ್ನಿ. ಊರವರ ಕೈಬರಹ ತುಂಬಿದ ಒಂದು ಪ್ರತಿ ಸುತ್ತಾಡಿ ಸಂಪಾದಕರ ಕೈಗೇ ಮರಳಿದರೆ ಅದರಲ್ಲಿ ಏನೇನು ಇರಬಹುದು!

ಕಲ್ಕತ್ತೆಯಲ್ಲಿ 1780ರ ಜನವರಿ 29ರಂದು ಆರಂಭವಾದ ಜೇಮ್ಸ್ ಆಗಸ್ಟಸ್ ಹಿಕಿಯ ವಾರಪತ್ರಿಕೆ ಇನ್ನೂ ಹೆಚ್ಚು ಕಲಿಸುತ್ತದೆ. ಮೊದಲು ಅಂಚೆಯಲ್ಲಿ ಪತ್ರಿಕೆ ಕಳಿಸುವ ಸೌಲಭ್ಯ ಕಿತ್ತುಕೊಂಡರು. ಆಮೇಲೆ ಮಾನನಷ್ಟದ ಮೊಕದ್ದಮೆ, ಸೆರೆವಾಸ. ಸೆರೆಯೊಳಗಿಂದಲೂ ಆತ ಪತ್ರಿಕೆ ನಡೆಸಿದ. ಕೊನೆಗೆ 1782ರಲ್ಲಿ ಅಚ್ಚುಮೊಳೆಗಳನ್ನೇ ಜಪ್ತಿ ಮಾಡಿದರು. ಈ ಏಣಿಯನ್ನು ಗಮನಿಸಿ: ಹಂಚಿಕೆ, ಹಣ, ಮನುಷ್ಯ, ಅಕ್ಷರ. ನಿಮ್ಮ ಎದುರಾಳಿಯೂ ಒಂದೊಂದೇ ಮೆಟ್ಟಿಲು ಹತ್ತಲಿ. ಪ್ರತಿ ಮೆಟ್ಟಿಲಿಗೂ ಅಚ್ಚುಕೂಟದವರು ಹೂಡುವ ಪ್ರತಿ-ಉಪಾಯ ಒಂದೊಂದು ಅಧ್ಯಾಯವಾಗುತ್ತದೆ.

ಹಂತ 8: ಸಂಚಿಕೆಗಳ ಮೇಲೆ ಕಥೆ ಕಟ್ಟುವುದು

ಅಧ್ಯಾಯಗಳ ಪಟ್ಟಿಗಿಂತ ಮೊದಲು ಸಂಚಿಕೆಗಳ ಪಟ್ಟಿ ಮಾಡಿ. ಎರಡು ವಾರದ ಕಥೆಗೆ ಹತ್ತು ಹನ್ನೆರಡು ಸಂಚಿಕೆ. ಪ್ರತಿಯೊಂದಕ್ಕೂ ಮೂರು ವಿಷಯ ಬರೆದಿಡಿ: ಮುಖ್ಯ ಸುದ್ದಿ, ಅದರಲ್ಲಿರುವ ತಪ್ಪು, ಆ ತಪ್ಪಿನಿಂದ ಊರಿನಲ್ಲಿ ಆದದ್ದು. ಐದನೇ ಸಂಚಿಕೆಯ ತಪ್ಪೇ ಆರನೇ ಸಂಚಿಕೆಯ ಸುದ್ದಿಯಾಗಬೇಕು. ನಡುವಿನ ಸಂಚಿಕೆಗಳಲ್ಲಿ ಒಂದು ಹೊರಬರದೇ ಇರಲಿ. ಒಂದು ವಾರದ ಹಿಂದೆ ಪತ್ರಿಕೆ ಎಂದರೇನು ಎಂದು ತಿಳಿಯದ ಊರು ಅಂದು ಬಾಗಿಲಿಗೆ ಬಂದು ಜಗಳ ತೆಗೆಯುತ್ತದೆ. ಊರು ಬದಲಾಗಿದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ದೃಶ್ಯ ಸಿಗಲಾರದು.

ಕಾದಂಬರಿಯೊಳಗೆ ಪತ್ರಿಕೆಯ ಬರಹ ತೋರಿಸುವಾಗ ಹತ್ತು ಸಾಲು ಮೀರಬೇಡಿ, ಮತ್ತು ಅದರ ಭಾಷೆ ಬೆಳೆಯುತ್ತ ಹೋಗಲಿ. ಮೊದಲ ಸಂಚಿಕೆಯ ಬರಹ ಬಿನ್ನವತ್ತಳೆಯ ಧಾಟಿಯಲ್ಲಿರುತ್ತದೆ, ಏಕೆಂದರೆ ಅಲ್ಲಿಯವರೆಗೆ ಬರಹವೆಂದರೆ ಅರಮನೆಗೆ ಬರೆಯುವುದು: 'ಶ್ರೀಮನ್ಮಹಾರಾಜರ ಸನ್ನಿಧಾನಕ್ಕೆ ಆನೆಯೊಂದು ತಪ್ಪಿಸಿಕೊಂಡ ಸಂಗತಿಯನ್ನು ಅರಿಕೆ ಮಾಡುವುದೇನೆಂದರೆ.' ನಾಲ್ಕನೆಯದರಲ್ಲಿ: 'ಶ್ರೇಷ್ಠಿಗಳ ಆನೆ ತಪ್ಪಿಸಿಕೊಂಡಿದೆ.' ಎಂಟನೆಯದರಲ್ಲಿ ಶೀರ್ಷಿಕೆ ಮಾತ್ರ: 'ಮತ್ತೆ ಆನೆ!' ಶೀರ್ಷಿಕೆ ಎಂಬುದನ್ನು ಯಾರೋ ಮೊದಲ ಬಾರಿಗೆ ಕಂಡುಹಿಡಿಯುವ ದೃಶ್ಯವನ್ನು ಮರೆಯಬೇಡಿ. ದೊಡ್ಡ ಮೊಳೆಗಳು ಒಂದೇ ಒಂದು ಪೆಟ್ಟಿಗೆಯಷ್ಟು ಇದ್ದು, ಅವುಗಳಿಂದ ಯಾವ ಪದ ಜೋಡಿಸಲು ಬರುತ್ತದೋ ಅದೇ ಅಂದಿನ ಮುಖ್ಯ ಸುದ್ದಿಯಾಗಲಿ.

ಪಾತ್ರಗಳು ನಾಲ್ಕು ಸಾಕು: ಬರೆಯುವವ, ಜೋಡಿಸುವವ, ಎಳೆಯುವವ, ಮಾರುವವ. ಜೋಡಿಸುವವರಿಗೆ ಹೆಚ್ಚು ಬುದ್ಧಿ ಕೊಡಿ. ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ, ತಲೆಕೆಳಗಾಗಿ ಓದುವ ಅವರು ಪ್ರತಿ ವಾಕ್ಯದ ಮೊದಲ ಓದುಗರು. ಸಂಪಾದಕರ ಉದ್ದುದ್ದ ಮಾತಿನ ಎದುರು ಅವರ 'ಇಷ್ಟಕ್ಕೆ ಜಾಗ ಇಲ್ಲ ಸ್ವಾಮಿ' ಎಂಬ ಒಂದೇ ಮಾತು ಪುಸ್ತಕದುದ್ದಕ್ಕೂ ನಿಲ್ಲುತ್ತದೆ.

ಹಂತ 9: ಹಸ್ತಪ್ರತಿಯ ತಪಾಸಣೆ

ಮೊದಲ ಕರಡು ಮುಗಿದ ಮೇಲೆ ಒಂದು ಸಂಚಿಕೆಯನ್ನು ನಿಜವಾಗಿಯೂ ಮಾಡಿ. ಎ4 ಹಾಳೆಯ ಎರಡು ಬದಿಗೆ ಕಥೆಯಲ್ಲಿ ಬರುವ ಎಲ್ಲ ಸುದ್ದಿ, ಜಾಹೀರಾತು ತುಂಬಿಸಿ ನೋಡಿ. ಹಿಡಿಸದಿದ್ದರೆ ನಿಮ್ಮ ಅಧ್ಯಾಯ ಆ ಪತ್ರಿಕೆಗಿಂತ ದೊಡ್ಡದನ್ನು ಊಹಿಸಿಕೊಂಡಿದೆ ಎಂದರ್ಥ. ಬಳಿಕ ಪ್ರತಿ ದೃಶ್ಯದ ಪಕ್ಕ ಗಂಟೆ ಬರೆದು ಹಂತ 3ರ ಪಟ್ಟಿಗೆ ಹೋಲಿಸಿ. ರಾತ್ರಿ 3ಕ್ಕೆ ಸಂಪಾದಕರು ಅರಮನೆಯ ಗೋಡೆ ಹಾರುತ್ತಿದ್ದರೆ ಆ ಹೊತ್ತಿಗೆ ಪ್ರೆಸ್ಸಿನ ಹತ್ತಿರ ಯಾರಿದ್ದಾರೆ? ಹಿಡಿ ಎಳೆಯುವವರನ್ನೂ ಕರೆದುಕೊಂಡು ಹೋಗಿದ್ದರೆ ಬೆಳಗ್ಗೆ ಪತ್ರಿಕೆ ಇರುವುದಿಲ್ಲ.

ಹೊಸ ಯಂತ್ರವನ್ನು ಕೊನೆಯ ಭಾಗದಲ್ಲಿ ತರುವುದಾದರೆ ಅದರ ವೇಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 1814ರ ನವೆಂಬರ್ 29ರಂದು 'ದಿ ಟೈಮ್ಸ್' ಮೊದಲ ಬಾರಿ ಉಗಿಯಂತ್ರದಲ್ಲಿ ಮುದ್ರಣವಾದಾಗ ಗಂಟೆಗೆ 1,100 ಹಾಳೆ ಹೊರಬಂತು. ಕೈಪ್ರೆಸ್ಸಿನವರು ಪ್ರತಿಭಟಿಸಬಹುದೆಂಬ ಭಯಕ್ಕೆ ಯಂತ್ರವನ್ನು ಪಕ್ಕದ ಕಟ್ಟಡದಲ್ಲಿ ಗುಟ್ಟಾಗಿ ನಿಲ್ಲಿಸಿದ್ದರು. ಹೊಗೆಪೇಟೆಗೆ ಅಂಥದ್ದು ಬಂದರೆ ಹಂತ 3ರ ಎರಡೂವರೆ ಗಂಟೆ ಅರ್ಧ ಗಂಟೆಗೆ ಇಳಿಯುತ್ತದೆ, ಅಚ್ಚು 3.30ಕ್ಕೆ ಶುರುವಾದರೂ ಸಾಕಾಗುತ್ತದೆ, 2 ಗಂಟೆಗೆ ನಡೆದ ಕೊಲೆಯೂ ಎಲ್ಲ 500 ಪ್ರತಿಗಳಲ್ಲಿ ಬರುತ್ತದೆ, ಕಥೆಯ ಗಂಟು ತಾನಾಗಿ ಬಿಚ್ಚಿಹೋಗುತ್ತದೆ. ಆದ್ದರಿಂದ ಯಂತ್ರ ಬರುವುದು ಕೊಲೆಗಾರ ಸಿಕ್ಕಿಬಿದ್ದ ಮೇಲೆಯೇ ಆಗಲಿ. ಬಂದ ದಿನವೇ ಆ ಇಬ್ಬರು ಪ್ರೆಸ್ಸಿನವರ ಮುಂದಿನ ಕೆಲಸವೇನು ಎನ್ನುವುದನ್ನೂ ಬರೆಯಿರಿ.